ಎರಡು ಜಾಡಿ, ಒಂದು ಸೀಸೆ ಚಿನ್ನ

ಅವತ್ತಿನ ಅಷ್ಟೂ ಅನಾಹುತಕ್ಕೆ ಮೂಲ, ವಸೀಲ್ ಹಿಂದಿನ ಸಂಜೆ ವೈರು ಚುಚ್ಚದೆ ಮಲಗಿದ್ದು. ಕಾಲಿನಾ ಕ್ರೀಕ್ ಎಂಬ ಈ ಹಿಮದ ಊರಿನಲ್ಲಿ ಫೆಬ್ರವರಿ ತಿಂಗಳೆಂದರೆ ಮೈನಸ್ ಮೂವತ್ತು ಡಿಗ್ರಿ. ಗಾಡಿಯ ಮೂತಿಯಿಂದ ನೇತಾಡುವ ವೈರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಇಂಜಿನ್ನನ್ನು ರಾತ್ರಿಯಿಡೀ ಬೆಚ್ಚಗೆ ಇಡದಿದ್ದರೆ ಬೆಳಿಗ್ಗೆ ಅದು ಕೆಮ್ಮುವುದೂ ಇಲ್ಲ. ಊರಿನ ಹಸುಗೂಸಿಗೂ ಗೊತ್ತಿರುವ ಈ ವಿಷಯ ಎಪ್ಪತ್ತೆರಡು ವರ್ಷದ ವಸೀಲ್ ಹಾವ್ರಿಲ್ಯುಕ್‌ಗೆ ಅವತ್ತೇ ಮರೆತುಹೋಗಬೇಕೆ?

"ನಲವತ್ತಾರು ವರ್ಷದಿಂದ ಬಡ್ಕೊಳ್ತಿದೀನಿ, ಊಟ ಆದ್ಮೇಲೆ ವೈರು, ವೈರು ಆದ್ಮೇಲೆ ಟೀವಿ ಅಂತ," ಎಂದಳು ಹೆಂಡತಿ ಡೋಕಿಯಾ, ಕಿಟಕಿಯ ಮಂಜನ್ನು ಮುಂಗೈಯಿಂದ ಒರೆಸುತ್ತ.

"ಹಾಕಿ ಮ್ಯಾಚು ಇತ್ತಲ್ಲೇ..."

"ಹಾಗಾದ್ರೆ ಆ ಹಾಕಿಯವ್ರೇ ಬಂದು ನನ್ನನ್ನ ಕ್ಲಿನಿಕ್‌ಗೆ ಹೊತ್ಕೊಂಡು ಹೋಗ್ಲಿ. ಹತ್ತು ಗಂಟೆಗೆ ಸೂಜಿ ಇದೆ, ಹನ್ನೊಂದಕ್ಕೆ ಚರ್ಚಲ್ಲಿ ಹಿಟ್ಟು ಕಲಸ್ತಾರೆ. ನಾನೇನು ಜಾರ್ಕೊಂಡು ಹೋಗ್ಲಾ?"

ವಸೀಲ್ ತಲೆ ಕೆರೆದುಕೊಂಡು, ಹೇಳಬಾರದ ಮಾತನ್ನು ಹೇಳಿಬಿಟ್ಟ. "ವರ್ನಾಗೆ ಒಂದು ಫೋನ್ ಮಾಡ್ಲಾ?"

ಆ ಹೆಸರು ಕಿವಿಗೆ ಬಿದ್ದರೆ ಸಾಕು, ಡೋಕಿಯಾಳ ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳುತ್ತಿತ್ತು. ಹಾಗಂತ ಬಾಯಿ ಬಿಟ್ಟು ಏನೂ ಅನ್ನುವಂತಿಲ್ಲ. ಡೋಕಿಯಾಳ ಮಗಳ ನಾಮಕರಣದ ದಿನ ಕೂಸನ್ನು ತೋಳಲ್ಲಿ ಎತ್ತಿ ಹಿಡಿದು ಧರ್ಮತಾಯಿಯಾಗಿ ನಿಂತವಳು ಇದೇ ವರ್ನಾ. ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು "ಕೂಮಾ". ಈ ಉಕ್ರೇನಿಯನ್ನರ ಊರಿನಲ್ಲಿ ಅಕ್ಕತಂಗಿಯರು ಕಚ್ಚಾಡಬಹುದು, ಅತ್ತೆಸೊಸೆಯರು ಕೋರ್ಟಿಗೆ ಹೋಗಬಹುದು. ಕೂಮಾ ಜೊತೆ ಮಾತ್ರ ಸಾಯುವ ತನಕ ಜಗಳ ಕೂಡದು. ಹೊಟ್ಟೆಕಿಚ್ಚು ಪಡುವುದಕ್ಕೆ ಅಡ್ಡಿ ಇಲ್ಲ. ಆ ಸೌಕರ್ಯವನ್ನು ಡೋಕಿಯಾ ಎರಡು ವರ್ಷದಿಂದ ಚೆನ್ನಾಗಿಯೇ ಬಳಸಿಕೊಂಡಿದ್ದಳು.

ವಿಷಯ ಇಷ್ಟೆ. ಇಬ್ಬರಿಗೂ ಸಂಧಿವಾತ ಬಂದದ್ದು ಒಂದೇ ಚಳಿಗಾಲದಲ್ಲಿ. ಬೆರಳಿನ ಗೆಣ್ಣುಗಳು ಊದಿ ಬೆಳ್ಳುಳ್ಳಿ ಎಸಳಿನಂತಾದವು. ಆಗಿನ ಡಾಕ್ಟರು ಇಬ್ಬರಿಗೂ ಚಿನ್ನದ ಸೂಜಿ ಶುರುಮಾಡಿದರು. ನಿಜವಾದ ಚಿನ್ನ, ಔಷಧಿಯಲ್ಲಿ ಕರಗಿಸಿದ್ದು. ಸೊಂಟದ ಕೆಳಗೆ ಚುಚ್ಚಿಸಿಕೊಂಡು ಇಬ್ಬರೂ ಒಂದೇ ಬದಿಗೆ ವಾಲಿಕೊಂಡು ಮನೆಗೆ ಬರುತ್ತಿದ್ದರು. "ನಾವಿಬ್ರು ಸತ್ರೆ ಹೂಳೋನು ಪೆಟ್ಟಿಗೆಗೆ ಬೀಗ ಹಾಕ್ಬೇಕು ಕಣೇ," ಎಂದು ನಗುತ್ತಿದ್ದರು. ಹದಿನೇಳು ವರ್ಷ ಹೀಗೆ ಕಳೆಯಿತು. ಆಮೇಲೆ ಒಂದು ದಿನ ವರ್ನಾಳ ಮೂತ್ರದಲ್ಲಿ ಪ್ರೋಟೀನು ಸೋರುತ್ತಿದೆ, ಚಿನ್ನ ಅವಳಿಗೆ ಆಗಿಬರುತ್ತಿಲ್ಲ ಎಂದು ಗೊತ್ತಾಯಿತು. ಡೋಕಿಯಾ ಕಣ್ಣೀರು ಹಾಕಿ ಎರಡು ಮೇಣದಬತ್ತಿ ಹಚ್ಚಿದಳು. ತಿಂಗಳೊಳಗೆ ವರ್ನಾಗೆ ಹೊಸ ಔಷಧಿ ಮಂಜೂರಾಯಿತು. ಪೆನ್ನಿನಂಥದ್ದು, ಫ್ರಿಜ್ಜಿನಲ್ಲಿಟ್ಟು ತಾನೇ ತೊಡೆಗೆ ಒತ್ತಿಕೊಂಡರೆ ಮುಗಿಯಿತು. ನಾಲ್ಕು ತಿಂಗಳಲ್ಲಿ ವರ್ನಾಳ ಬೆರಳು ನೆಟ್ಟಗಾದವು. ಡೋಕಿಯಾ ಮೇಣದಬತ್ತಿ ಹಚ್ಚುವುದನ್ನು ನಿಲ್ಲಿಸಿದಳು.

ಬೆರಳು ನೆಟ್ಟಗಾದರೆ ಆಗಲಿ, ಯಾರಿಗೇನು? ಆದರೆ ಪಿರೋಹಿ ಇತ್ತಲ್ಲ. ಪಿರೋಹಿ ಎಂದರೆ ನಮ್ಮ ಕಡುಬಿನ ಹಾಗೆಯೇ, ಒಳಗೆ ಆಲೂಗಡ್ಡೆಯನ್ನೋ ಒಡೆದ ಹಾಲಿನ ಗಟ್ಟಿಯನ್ನೋ ತುಂಬಿ, ಅಂಚು ಒತ್ತಿ, ಕುದಿಯುವ ನೀರಿಗೆ ಬಿಡುವುದು. ಪ್ರತಿ ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಇಪ್ಪತ್ತು ಹೆಂಗಸರು ಉದ್ದನೆಯ ಮೇಜಿನ ಸುತ್ತ ಕೂತು ಒತ್ತುತ್ತಾರೆ. ಮೇಜಿನ ತುದಿಗೆ ಒಂದು ಕುರ್ಚಿ. ಅದು ತಲೆ ಕುರ್ಚಿ. ಮೊದಲ ಪಿರೋಹಿ ಒತ್ತುವವಳು ಅಲ್ಲಿ ಕೂರುವವಳೇ. ಕುದಿಯುವ ನೀರಿನಲ್ಲಿ ಯಾವುದಾದರೂ ಬಾಯಿ ಬಿಟ್ಟರೆ ಅದನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ತರುತ್ತಾರೆ. ಅವಳು ಅಂಚಿನ ಮಡಿಕೆ ನೋಡಿ ಇದು ಯಾರ ಕೈಯದು ಎಂದು ಹೇಳುತ್ತಾಳೆ. ಒಬ್ಬೊಬ್ಬರ ಒತ್ತು ಒಂದೊಂದು ಥರ, ಸಹಿ ಇದ್ದ ಹಾಗೆ. ಹನ್ನೊಂದು ವರ್ಷದಿಂದ ಆ ಕುರ್ಚಿ ಡೋಕಿಯಾಳದು. ಹೋದ ಗುರುವಾರ ಮೂರು ಪಿರೋಹಿ ಬಾಯಿ ಬಿಟ್ಟವು. ತಟ್ಟೆ ಮುಂದೆ ಬಂದಾಗ ಡೋಕಿಯಾ ಬಹಳ ಹೊತ್ತು ನೋಡಿದಳು. ಮೂರೂ ಅವಳವೇ. "ಗೊತ್ತಾಗ್ತಿಲ್ಲ, ಬೆಳಕು ಕಮ್ಮಿ," ಎಂದಳು. ಟ್ಯೂಬ್ ಲೈಟು ತಲೆಯ ಮೇಲೆಯೇ ಉರಿಯುತ್ತಿತ್ತು. ಅವಳು ಮೂರು ಡಜನ್ ಒತ್ತುವಷ್ಟರಲ್ಲಿ ವರ್ನಾ ಏಳು ಡಜನ್ ಮುಗಿಸಿ, ಪಕ್ಕದವಳಿಗೆ ಮೊಮ್ಮಗನ ಫೋಟೋ ತೋರಿಸುತ್ತ ಕೂತಿದ್ದಳು.

ಎಲ್ಲರ ಮುಂದೆ ಡೋಕಿಯಾಳ ಮಾತೇ ಬೇರೆ. "ಚಿನ್ನ ಬಿಟ್ಟು ಪ್ಲಾಸ್ಟಿಕ್ ಪೆನ್ನು ಹಿಡಿಯೋಳು ನಾನಲ್ಲಪ್ಪ." ಒಳಗೊಳಗೆ ಮೂರು ಸಲ ಡಾಕ್ಟರ ಹತ್ತಿರ ಅದೇ ಪೆನ್ನಿಗಾಗಿ ಗೋಗರೆದಿದ್ದಳು. ಮೂರು ಸಲವೂ ಉತ್ತರ ಒಂದೇ. ಪೆನ್ನಿಗೆ ವರ್ಷಕ್ಕೆ ಒಂದು ಪಿಕಪ್ ಗಾಡಿಯ ಬೆಲೆ. ಹಳೆಯ ಔಷಧಿ ಕೈಕೊಟ್ಟರೆ ಮಾತ್ರ, ಖರ್ಚು ಕೊಡುವ ಸರ್ಕಾರದ ಮಂಜೂರಿ ಕಚೇರಿ ಅದನ್ನು ಕೊಡುತ್ತದೆ. ಡೋಕಿಯಾಳಿಗೆ ಚಿನ್ನ ಪೂರ್ತಿ ಗುಣವನ್ನೂ ಕೊಡಲಿಲ್ಲ, ಪೂರ್ತಿ ಕೈಯನ್ನೂ ಕೊಡಲಿಲ್ಲ. ಅವಳ ಮೂತ್ರ ಬೆಟ್ಟದ ತೊರೆಯಷ್ಟು ಶುದ್ಧ.

ಅವಳ ಹತ್ತಿರ ಉಳಿದಿದ್ದದ್ದು ಒಂದೇ ಗುಟ್ಟು. ಹಾಲು ಒಡೆಸಿ ಬಟ್ಟೆಯಲ್ಲಿ ಕಟ್ಟಿದಾಗ ಇಳಿಯುವ ತಿಳಿಯನ್ನು ಹಿಟ್ಟಿಗೆ ಹಾಕಿ ಕಲಸುತ್ತಿದ್ದಳು. ಎಷ್ಟು ಹಾಕಬೇಕು, ಎಷ್ಟು ಹುಳಿ ಬರಿಸಬೇಕು ಎಂದು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಹಿಂದೆ ವರ್ನಾ ಬಂದು, "ಒಂದು ಜಾಡಿ ತಿಳಿ ಕೊಡೇ, ಮನೇಲಿ ಹಿಟ್ಟು ಕಲಸ್ಬೇಕು," ಎಂದು ಇಸಕೊಂಡು ಹೋಗಿದ್ದಳು. ಆವತ್ತಿನಿಂದ ಡೋಕಿಯಾಳಿಗೆ ಅನುಮಾನ. ಗುಟ್ಟು ಕದಿಯಲು ಬಂದಿದ್ದಳು, ಇನ್ನೇನು?

ಫೋನು ಮಾಡಿದ ಹತ್ತೇ ನಿಮಿಷಕ್ಕೆ ವರ್ನಾ ಹಾಜರು. ಹಿಮ ಕೊಡವುತ್ತ ಅಡುಗೆಮನೆಗೆ ಬಂದವಳು, ಹೇಳಿಸಿಕೊಳ್ಳದೆ ಒಲೆಯ ಮೇಲಿನ ಕಾಫಿ ಬಗ್ಗಿಸಿಕೊಂಡಳು. ಡೋಕಿಯಾ ಎರಡು ಕೈಯಲ್ಲಿ ಹಿಡಿಯುವ ಕೆಟಲ್ಲನ್ನು ಅವಳು ಎರಡೇ ಬೆರಳಲ್ಲಿ ಎತ್ತಿದಳು. ಬೇಕಂತಲೇ ಹಾಗೆ ಎತ್ತಿದಳು ಎಂದುಕೊಂಡಳು ಡೋಕಿಯಾ.

"ಬೂಟು ಹಾಕ್ಕೊಳ್ಳೇ ಕೂಮಾ, ಸಾಮಾನು ನಾನು ಚೀಲಕ್ಕೆ ಹಾಕ್ತೀನಿ," ಎಂದಳು ವರ್ನಾ.

ಮೇಜಿನ ಮೇಲೆ ಎರಡು ಜಾಡಿ. ಈ ಊರಿನಲ್ಲಿ ಖಾಲಿ ಜಾಡಿ ಎಸೆಯುವುದು ಪಾಪ. ಮೂಲಂಗಿ ಉಪ್ಪಿನಕಾಯಿ ಮುಗಿದರೆ ಅದೇ ಜಾಡಿಗೆ ಜೇನು, ಜೇನು ಮುಗಿದರೆ ಅಂಗಿಯ ಗುಂಡಿ, ಗುಂಡಿ ಮುಗಿದರೆ ಕ್ಲಿನಿಕ್ಕು. ಇವತ್ತು ಒಂದರಲ್ಲಿ ಚರ್ಚಿನ ಹಿಟ್ಟಿಗೆ ಹಾಲಿನ ತಿಳಿ, ಇನ್ನೊಂದರಲ್ಲಿ ಕ್ಲಿನಿಕ್ಕಿಗೆ ಬೆಳಗಿನ ಮೂತ್ರ. ಎರಡೂ ಒಂದೇ ಅಳತೆ, ಒಂದೇ ಮುಚ್ಚಳ. ಬಣ್ಣವೂ ಹೆಚ್ಚುಕಮ್ಮಿ ಒಂದೇ.

"ಬಲಗಡೇದು ಕ್ಲಿನಿಕ್ದು, ಎಡಗಡೇದು ಚರ್ಚ್ದು. ನೋಡಿ ಹಾಕು ಮಾರಾಯ್ತಿ."

"ಹದಿನೇಳು ವರ್ಷ ನಾನೂ ಹೊತ್ತಿಲ್ವಾ ಈ ಜಾಡೀನ? ನಂಗೇ ಹೇಳ್ಕೊಡ್ತೀಯಾ?" ವರ್ನಾ ಎರಡನ್ನೂ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಡೋಕಿಯಾಳ ಬೆರಳನ್ನು ನೋಡಿದಳು. ಬೂಟಿನ ಜಿಪ್ಪು ಎಳೆಯಲಾಗದೆ ಆಕೆ ಹಲ್ಲು ಕಚ್ಚಿ ಕೂತಿದ್ದಳು. ವರ್ನಾ ಬಗ್ಗಿ ಜಿಪ್ಪು ಎಳೆದುಕೊಟ್ಟಳು.

ಉಪಕಾರ ಬೇರೆ! ಡೋಕಿಯಾಳಿಗೆ ಮೈಯೆಲ್ಲ ಉರಿದುಹೋಯಿತು.

ಕ್ಲಿನಿಕ್ಕಿನ ಬಾಗಿಲಲ್ಲಿ ಅವಳನ್ನು ಇಳಿಸಿ, ಒಂದು ಚೀಲ ಅವಳ ಕೈಗೆ ಕೊಟ್ಟು, ಇನ್ನೊಂದನ್ನು ತೆಗೆದುಕೊಂಡು ವರ್ನಾ ಚರ್ಚಿಗೆ ಹೋದಳು. ಒಳಗೆ ನರ್ಸ್ ಮಾರಿಸೆಲ್ ಭಾರೀ ನೆಗಡಿಯಲ್ಲಿ ಮೂಗೇ ಇಲ್ಲದವಳಂತೆ ಮಾತಾಡುತ್ತಿದ್ದಳು. "ಕೊಡಿ ಅಮ್ಮಾ ಜಾಡಿ. ಕೂತಿರಿ, ಡಾಕ್ಟ್ರು ಏನೋ ಹೇಳ್ಬೇಕಂತೆ."

ಡಾಕ್ಟರ್ ಅಡೆಬಾಯೊ ಒಂದು ಪುಟ್ಟ ಸೀಸೆ ಹಿಡಿದುಕೊಂಡು ಬಂದರು. "ನೋಡಿ ಮಿಸೆಸ್ ಹಾವ್ರಿಲ್ಯುಕ್, ಇದು ಕೊನೇದು. ಕಂಪನಿ ಚಿನ್ನ ಮಾಡೋದನ್ನ ನಿಲ್ಲಿಸಿದೆ. ನನಗೆ ಗೊತ್ತಿರೋ ಮಟ್ಟಿಗೆ ಈ ಜಿಲ್ಲೇಲಿ ಉಳಿದಿರೋ ಸೀಸೆ ಇದೊಂದೇ."

"ಯಾಕೆ? ಚಿನ್ನಕ್ಕೇನು ತುಕ್ಕು ಹಿಡೀತಾ?"

ಡಾಕ್ಟರು ನಕ್ಕರು. "ಹತ್ತು ಜನಕ್ಕೆ ಕೊಟ್ರೆ ಮೂರು ಜನಕ್ಕೆ ಆಗಿಬರಲ್ಲ. ಒಬ್ರಿಗೆ ಮೈ ತುರಿಕೆ, ಒಬ್ರಿಗೆ ಬಾಯಿ ಹುಣ್ಣು, ಒಬ್ರಿಗೆ ಕಿಡ್ನಿ. ಆಗಿಬಂದವ್ರಿಗೂ ಗುಣ ಕಾಣೋಕೆ ಆರು ತಿಂಗಳು. ಸಲಸಲಕ್ಕೂ ರಕ್ತ, ಮೂತ್ರ. ಅಷ್ಟರಲ್ಲಿ ಬೇಗ ಕೆಲಸ ಮಾಡೋ ಹೊಸ ಔಷಧಿ ಬಂದ್ವು. ಒಬ್ಬೊಬ್ರೇ ಅತ್ತ ಹೋದ್ರು. ಒಂದು ಕಾಲಕ್ಕೆ ಈ ಕ್ಲಿನಿಕ್‌ನಲ್ಲಿ ಮೂವತ್ತು ಜನ ಚಿನ್ನ ತಗೊಳ್ತಿದ್ರಂತೆ, ಈಗ ನೀವೊಬ್ರೇ. ಒಬ್ರಿಗೋಸ್ಕರ ಯಾರು ಮಾಡ್ತಾರೆ? ಔಷಧಿ ಕೆಟ್ಟದ್ದು ಅಂತಲ್ಲಮ್ಮ. ಅದಕ್ಕಿಂತ ಚುರುಕಾದ್ದು ಬಂತು, ಅಷ್ಟೆ."

ಡೋಕಿಯಾಳಿಗೆ ಇದು ಔಷಧಿಯ ಮಾತು ಅನ್ನಿಸಲೇ ಇಲ್ಲ. ತಲೆ ಕುರ್ಚಿಯ ಮಾತೇ ಅನ್ನಿಸಿತು. "ಮುಗಿದ್ಮೇಲೆ ನಂಗೂ ಆ ಪೆನ್ನು..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಮಾರಿಸೆಲ್ ಓಡಿಬಂದಳು. ಒಂದು ಕೈಯಲ್ಲಿ ಜಾಡಿ, ಇನ್ನೊಂದರಲ್ಲಿ ಮೂತ್ರಕ್ಕೆ ಅದ್ದಿ ನೋಡುವ ಕಾಗದದ ಪಟ್ಟಿ. ಪಟ್ಟಿ ಕಡು ಹಸಿರಾಗಿತ್ತು.

"ಡಾಕ್ಟ್ರೇ, ಪ್ರೋಟೀನು ನಾಲ್ಕು ಪ್ಲಸ್! ಮೂರು ಸಲ ನೋಡ್ದೆ!"

ಡಾಕ್ಟರ ಮುಖ ಇಳಿದುಹೋಯಿತು. "ಅಯ್ಯೋ. ಇಷ್ಟೊಂದು ಪ್ರೋಟೀನು ಸೋರ್ತಿದ್ರೆ ಇವ್ರು ನಿಂತಿರೋದೇ ದೊಡ್ಡದು. ಚಿನ್ನ ಇವತ್ತಿಂದಲೇ ಬಂದ್. ರಕ್ತ ತೆಗೆದು ಪಟ್ಟಣಕ್ಕೆ ಕಳಿಸಿ. ಮಿಸೆಸ್ ಹಾವ್ರಿಲ್ಯುಕ್, ಗಾಬರಿ ಬೇಡ, ಕೂತ್ಕೊಳ್ಳಿ. ನಾನೊಂದು ಅರ್ಜಿ..."

ಡೋಕಿಯಾ ಅರ್ಜಿಯ ಮಾತು ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಜಾಡಿಯ ಮೇಲಿತ್ತು. ಅದರೊಳಗೆ ಒಡೆದ ಹಾಲಿನ ಬಿಳೀ ಚೂರೊಂದು ಹಾಯಾಗಿ ತೇಲುತ್ತಿತ್ತು.

ಇಲ್ಲಿರುವುದು ತಿಳಿ. ಹಾಗಾದರೆ ಚರ್ಚಿಗೆ ಹೋಗಿರುವುದು?

ಗೋಡೆಯ ಗಡಿಯಾರ ಹನ್ನೊಂದಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಶನಿವಾರ ಚರ್ಚಿನ ನಲವತ್ತು ದಿನದ ದೊಡ್ಡ ಉಪವಾಸಕ್ಕೆ ಮುಂಚಿನ ಕೊನೆಯ ಊಟ, ಈ ಪಿರೋಹಿ ತಿನ್ನಲು ಇಡೀ ಊರು ಬರುತ್ತದೆ, ಪಟ್ಟಣದಿಂದ ಬಿಷಪ್ಪರೂ ಬರುತ್ತಾರೆ. ಡೋಕಿಯಾ ಕೋಟು ಎಳೆದುಕೊಂಡು ಬಾಗಿಲಿಗೆ ಹಾರಿದಳು. "ಮಿಸೆಸ್ ಹಾವ್ರಿಲ್ಯುಕ್! ಪೂರ್ತಿ ಕೇಳ್ಕೊಂಡು ಹೋಗಿ!" ಎಂದು ಡಾಕ್ಟರು ಕೂಗಿದ್ದು ಮಂಜಿನಲ್ಲಿ ಕರಗಿಹೋಯಿತು.

ಕ್ಲಿನಿಕ್ಕಿನಿಂದ ಚರ್ಚಿಗೆ ಮೂರು ಬೀದಿ. ಅರವತ್ತೊಂಬತ್ತು ವರ್ಷದ ಮಂಡಿಗೆ ಅದು ಮೂರು ಹಳ್ಳಿ. ಎರಡು ಕಡೆ ಜಾರಿದಳು, ಒಂದು ಕಡೆ ಅಂಚೆಪೆಟ್ಟಿಗೆಯನ್ನು ತಬ್ಬಿಕೊಂಡು ಉಳಿದಳು. ನೆಲಮಾಳಿಗೆಯ ಮೆಟ್ಟಿಲಿಳಿದು ಒಳನುಗ್ಗುವಾಗ ಊಟದ ಸಮಿತಿಯ ಮುಖ್ಯಸ್ಥೆ ಅಡೆಲಿನ್ ದೊಡ್ಡ ಕೊಳಗದಲ್ಲಿ ಮೊಣಕೈ ತನಕ ಕೈ ಇಳಿಸಿ ಹಿಟ್ಟು ನಾದುತ್ತಿದ್ದಳು.

"ನಿಲ್ಸೀ!" ಎಂದು ಚೀರಿ ಡೋಕಿಯಾ ಕೊಳಗವನ್ನು ಎರಡೂ ಕೈಯಿಂದ ತಳ್ಳಿದಳು. ಕೊಳಗ ಗಾಲಿ ಮೇಜಿನ ಮೇಲಿತ್ತು. ಮೇಜು ಉರುಳಿಕೊಂಡು ಹೋಗಿ, ಕಾಫಿ ಕುಡಿಯುತ್ತ ನಿಂತಿದ್ದ ಫಾದರ್ ಬೊಹ್ದಾನರಿಗೆ ಗುದ್ದಿತು. ಇಪ್ಪತ್ತು ಕಿಲೋ ಹಿಟ್ಟು ಅವರ ಬೂಟಿನ ಮೇಲೆ ಮೆತ್ತಗೆ ಇಳಿದು ಕೂತಿತು.

"ತಲೆ ಕೆಟ್ಟಿದ್ಯೇನೇ ನಿಂಗೆ?" ಎಂದಳು ಅಡೆಲಿನ್.

"ಇಲಿ," ಎಂದಳು ಡೋಕಿಯಾ. ಬಾಯಿಗೆ ಬಂದದ್ದು ಅದೇ. "ಹಿಟ್ಟಲ್ಲಿ ಇಲಿ ನೋಡ್ದೆ."

ಹತ್ತೊಂಬತ್ತು ಹೆಂಗಸರು ಒಟ್ಟಿಗೆ ಕುರ್ಚಿ ಹತ್ತಿದರು. ಅವರಲ್ಲಿ ಹದಿಮೂರು ಜನಕ್ಕೆ ಮಂಡಿನೋವು. ಹತ್ತಿದ್ದು ಗೊತ್ತಾಯಿತೇ ಹೊರತು ಇಳಿಯುವುದು ಹೇಗೆಂದು ಗೊತ್ತಾಗಲಿಲ್ಲ. ಫಾದರ್ ಒಬ್ಬೊಬ್ಬರನ್ನೇ ಕೈ ಹಿಡಿದು ಇಳಿಸುತ್ತ, ಹಿಟ್ಟಿನ ಬೂಟಿನಲ್ಲಿ ಪಚಪಚ ಓಡಾಡಿದರು. ಇಲಿ ಸಿಗಲಿಲ್ಲ.

ಡೋಕಿಯಾ ಏದುಸಿರು ಬಿಡುತ್ತ ಅಡೆಲಿನ್ನಳ ತೋಳು ಹಿಡಿದಳು. "ಹಿಟ್ಟಿಗೆ ನನ್ನ ತಿಳಿ ಹಾಕಿದ್ರಾ? ನಿಜ ಹೇಳು."

"ಎಲ್ಲಿದೆ ನಿನ್ನ ತಿಳಿ? ಜಾಡಿ ಮನೇಲೇ ಮರೆತ್ವಿ ಅಂದ್ಲು ವರ್ನಾ. ಆಲೂಗಡ್ಡೆ ಬೇಯಿಸಿದ ನೀರಲ್ಲೇ ಕಲಸಿದ್ದೆ. ಮಲ್ಲಿಗೆ ಥರ ಬಂದಿತ್ತು ಹಿಟ್ಟು, ದರಿದ್ರದೋಳೇ!" ಎಂದ ಅಡೆಲಿನ್ ಇದ್ದಕ್ಕಿದ್ದ ಹಾಗೆ ದನಿ ಇಳಿಸಿದಳು. "ಹೋಗ್ಲಿ ಬಿಡು. ಈ ಗಾಬರೀಲಿ ನಿನ್ನ ತಪ್ಪೇನೂ ಇಲ್ಲ. ನನ್ನ ಸೊಸೆ ಈಗಷ್ಟೇ ಫೋನ್ ಮಾಡಿದ್ಲು."

ಅಡೆಲಿನ್ನಳ ಸೊಸೆ ಕ್ಲಿನಿಕ್ಕಿನಲ್ಲಿ ಫೋನು ಎತ್ತುವವಳು. ಎತ್ತಿದ್ದಕ್ಕಿಂತ ಮಾಡಿದ್ದೇ ಹೆಚ್ಚು.

"ಪಾಪ, ಕಿಡ್ನಿ ಎರಡೂ ಹೋದ್ವಂತೆ," ಎಂದಿತು ಮೇಜಿನ ಆ ತುದಿಯಿಂದ ಒಂದು ದನಿ. "ಚಿನ್ನ ಚಿನ್ನ ಅಂತಿದ್ಲು, ಕೊನೆಗೆ ಅದೇ ತಿಂತು," ಎಂದಿತು ಇನ್ನೊಂದು. "ಇವತ್ತು ನೀನು ಆರಾಮಾಗಿ ಕೂತ್ಕೋ," ಎಂದಳು ಅಡೆಲಿನ್, ಅವಳ ಬೆನ್ನು ಸವರಿ. "ತಲೆ ಕುರ್ಚಿಗೆ ವರ್ನಾ ಕೂರ್ಲಿ."

ಅಷ್ಟೆ. ಕಿಡ್ನಿ ನಿಜವಾಗಿ ಹೋಗಿದ್ದರೂ ಡೋಕಿಯಾಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳು ತಿರುಗಿ ವರ್ನಾಳನ್ನು ನೋಡಿದಳು. ವರ್ನಾ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಚೀಲದ ಬಾಯಿಂದ ಮೂಲಂಗಿ ಉಪ್ಪಿನಕಾಯಿಯ ಕೆಂಪು ಮುಚ್ಚಳ ಇಣುಕುತ್ತಿತ್ತು.

"ಮನೇಲಿ ಮರೆತ್ಯಾ? ಇದೇನಿದು?"

ವರ್ನಾ ಹತ್ತಿರ ಬಂದು ಪಿಸುಗುಟ್ಟಿದಳು. "ಮೆಲ್ಲಗೆ ಮಾತಾಡೇ. ನಾನು ನೋಡ್ಕೊಂಡೇ ತೆಗೆದಿಟ್ಟಿದೀನಿ. ಸುಮ್ನೆ ಮನೆಗೆ ಹೋಗು. ಡಾಕ್ಟ್ರು ಏನಂದ್ರೂ ಹೂಂ ಅನ್ನು. ನನ್ನಾಣೆ, ಇವತ್ತೊಂದಿನ ಬಾಯಿ ಮುಚ್ಕೊಂಡಿರು ಕೂಮಾ." ಹೇಳಿ ಒಂದು ಕಣ್ಣು ಮಿಟುಕಿಸಿದಳು.

"ಕಣ್ಣು ಬೇರೆ ಹೊಡೀತೀಯಾ?"

ಡೋಕಿಯಾಳ ತಲೆಯಲ್ಲಿ ಎಲ್ಲವೂ ಒಂದಕ್ಕೊಂದು ಜೋಡಿಸಿಕೊಂಡಿತು. ತನಗೆ ಚಿನ್ನ ಆಗಿಬರಲಿಲ್ಲ, ಇವಳಿಗೆ ಮಾತ್ರ ಆಗಿಬರುವುದೇ ಎಂದು ವರ್ನಾಗೆ ಎರಡು ವರ್ಷದಿಂದ ಸಂಕಟ. ಕೊನೆಯ ಸೀಸೆಯೂ ಡೋಕಿಯಾಳಿಗೆ ಸಿಗಬಾರದು. ತಲೆ ಕುರ್ಚಿಯೂ ಇರಬಾರದು. ಗಾಡಿ ತಂದದ್ದು, ಜಿಪ್ಪು ಎಳೆದದ್ದು, ಜಾಡಿ ಬದಲಿಸಿದ್ದು ಎಲ್ಲ ಅದಕ್ಕೇ!

"ಕೊಡೇ ಇಲ್ಲಿ!"

"ಬೇಡ ಕಣೇ, ಕೆಡ್ತೀಯ!"

ಇಬ್ಬರೂ ಜಾಡಿ ಹಿಡಿದು ಎಳೆದಾಡಿದರು. ಒಂದು ಕಡೆ ಹೊಸ ಔಷಧಿಯ ಹತ್ತು ನೆಟ್ಟನೆ ಬೆರಳು, ಇನ್ನೊಂದು ಕಡೆ ಹಳೆ ಚಿನ್ನದ ಹತ್ತು ಸೊಟ್ಟ ಬೆರಳು. ಒಂದು ಜಾಡಿ ಹಾಲಿನ ತಿಳಿಗೆ ಇಷ್ಟೊಂದಾ ಎಂದು ಹೆಂಗಸರು ಬಾಯಿಬಿಟ್ಟು ನೋಡಿದರು. "ಬಿಡಮ್ಮ ವರ್ನಾ, ಗುಟ್ಟು ಅವಳದಲ್ವಾ," ಎಂದರು ಫಾದರ್. ಜಾಡಿಯಲ್ಲಿರುವುದು ಏನೆಂದು ಅಷ್ಟು ಜನರೆದುರು, ಅದರಲ್ಲೂ ಫಾದರ್ ಎದುರು ವರ್ನಾ ಹೇಗೆ ಬಾಯಿಬಿಟ್ಟಾಳು? ಕೈ ಸಡಿಲ ಬಿಟ್ಟಳು. ಜಾಡಿ ಡೋಕಿಯಾಳ ಪಾಲಾಯಿತು.

ಅದು ಹೆಪ್ಪುಗಟ್ಟದಂತೆ ಕೋಟಿನೊಳಗೆ, ಎದೆಯ ಪಕ್ಕ ಇಟ್ಟುಕೊಂಡು ಅವಳು ಮತ್ತೆ ಮೂರು ಬೀದಿ ನಡೆದಳು. ಈ ಸಲ ಜಾರಲಿಲ್ಲ. ಹೊಟ್ಟೆಕಿಚ್ಚು ಅಷ್ಟು ಬಿಗಿಯಾಗಿ ಹಿಡಿದುಕೊಂಡಿತ್ತು.

"ಬೆಳಿಗ್ಗೆದು ನಂದಲ್ಲ!" ಎಂದು ಜಾಡಿಯನ್ನು ಡಾಕ್ಟರ ಮೇಜಿನ ಮೇಲೆ ಕುಕ್ಕಿದಳು. "ಅದು ಹಾಲಿನ ತಿಳಿ. ಪಿರೋಹಿಗೆ ಇಟ್ಟಿದ್ದು. ನಂದು ಇದು. ನೋಡಿ, ಈಗ್ಲೇ ನೋಡಿ!"

ಮಾರಿಸೆಲ್ ಪಟ್ಟಿ ಅದ್ದಿದಳು. ಪಟ್ಟಿ ನಿಂಬೆಹಣ್ಣಿನ ಹಳದಿಯಲ್ಲೇ ಉಳಿಯಿತು. ಪ್ರೋಟೀನು ಒಂದು ಚೂರೂ ಇಲ್ಲ. ಡಾಕ್ಟರ್ ಅಡೆಬಾಯೊ ಒಂದು ಕ್ಷಣ ಬೆಳಗಿನ ಜಾಡಿಯನ್ನೂ ಈಗಿನ ಜಾಡಿಯನ್ನೂ ನೋಡಿ, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಮೂವತ್ತು ವರ್ಷದ ಡಾಕ್ಟರಿಕೇಲಿ ಪಿರೋಹಿಗೆ ಚಿಕಿತ್ಸೆ ಕೊಡೋಕೆ ಹೊರಟಿದ್ದು ಇದೇ ಮೊದಲು!"

"ನಕ್ಕಿದ್ದು ಸಾಕು. ನನ್ನ ಸೀಸೆ ಎಲ್ಲಿ?"

ಸೀಸೆ ಬಂತು, ಸೂಜಿ ಬಂತು. ಜಿಲ್ಲೆಯ ಕೊನೆಯ ಚಿನ್ನ ಡೋಕಿಯಾ ಹಾವ್ರಿಲ್ಯುಕ್‌ಳ ಸೊಂಟದೊಳಗೆ ಇಳಿಯಿತು. ನೋವಾಯಿತು, ಆದರೂ ಅವಳ ಮುಖದಲ್ಲಿ ಪದಕ ಹಾಕಿಸಿಕೊಂಡವಳ ಕಳೆ. ವರ್ನಾ ಈಗ ಬಂದು ನೋಡಬೇಕಿತ್ತು.

ಆಗ ಮೂಲೆಯ ಫ್ಯಾಕ್ಸ್ ಯಂತ್ರ ಕಿರ್ ಕಿರ್ ಎಂದಿತು. ಹಾಳೆಯೊಂದು ಹೊರಬಂತು. ಡಾಕ್ಟರು ಓದಿ, ನಿಟ್ಟುಸಿರು ಬಿಟ್ಟು, ಅದರ ಮೇಲೆ ಅಡ್ಡಗೆರೆ ಎಳೆದರು.

"ಅದೇನು?" ಎಂದಳು ಡೋಕಿಯಾ, ಸ್ಕರ್ಟು ಸರಿಮಾಡಿಕೊಳ್ಳುತ್ತ.

"ಏನಿಲ್ಲ. ಬೆಳಿಗ್ಗೆ ನೀವು ಓಡಿಹೋದ್ರಲ್ಲ, ಆಗ ತುರ್ತು ಅಂತ ಅರ್ಜಿ ಕಳಿಸಿದ್ದೆ. ಇವ್ರಿಗೆ ಚಿನ್ನ ಕೈಕೊಟ್ಟಿದೆ, ಹೊಸ ಔಷಧಿ ಕೊಡಿ ಅಂತ. ಆ ಕಚೇರಿಯವ್ರು ಯಾವತ್ತೂ ಎರಡು ತಿಂಗಳು ಕಾಯಿಸ್ತಾರೆ. ಇವತ್ತು ಒಂದೇ ಗಂಟೇಲಿ ಮಂಜೂರು ಮಾಡಿದಾರೆ ನೋಡಿ."

ಡೋಕಿಯಾಳ ಕೈ ಸ್ಕರ್ಟಿನ ಗುಂಡಿಯ ಮೇಲೇ ನಿಂತಿತು. "ಯಾವ ಹೊಸ ಔಷಧಿ?"

"ನೀವು ಮೂರು ಸಲ ಕೇಳಿದ್ರಲ್ಲ, ಆ ಪೆನ್ನು. ನಿಮ್ಮ ಕೂಮಾ ತಗೊಳ್ತಾರಲ್ಲ, ಅದೇ. ಆದ್ರೆ ಚಿನ್ನ ನಿಮಗೆ ಚೆನ್ನಾಗಿ ಆಗಿಬರುತ್ತೆ ಅಂತ ಈಗ ನೀವೇ ತೋರಿಸಿಕೊಟ್ರಿ. ಸುಳ್ಳು ಬರೆಯೋಕಾಗಲ್ಲ. ವಾಪಸ್ ಕಳಿಸ್ಬೇಕು."

"ಆದ್ರೆ ಡಾಕ್ಟ್ರೇ, ಚಿನ್ನ ಮುಗೀತಲ್ಲ! ಅದನ್ನೇ ಬರೀರಿ!"

"ಅರ್ಜೀಲಿ ಅದಕ್ಕೆ ಜಾಗ ಇಲ್ಲಮ್ಮ. ಔಷಧಿ ಕೈಕೊಟ್ಟಿತು ಅನ್ನೋಕೆ ಜಾಗ ಇದೆ. ಔಷಧಿ ಮುಗಿದುಹೋಯ್ತು ಅನ್ನೋಕೆ ಇಲ್ಲ. ಇನ್ನೊಂದು ಹಳೇ ಗುಳಿಗೆ ಇದೆ, ಅದನ್ನ ಶುರು ಮಾಡೋಣ. ಆರು ತಿಂಗಳು, ಒಂದು ವರ್ಷ ನೋಡೋಣ. ಅದೂ ಕೈಕೊಟ್ರೆ ಆಮೇಲೆ ಬರೀತೀನಿ."

"ಅದು ಕೈಕೊಟ್ಟಿದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದಳು ಡೋಕಿಯಾ. ಅವಳ ತಲೆ ಆಗಲೇ ಓಡಲು ಶುರುವಾಗಿತ್ತು.

"ತಿಂಗಳಿಗೊಂದ್ಸಲ ರಕ್ತ, ಮೂತ್ರ."

ಅವಳು ಮೆಲ್ಲಗೆ ಬಾಗಿಲ ಕಡೆ ಹೊರಟಳು. ಅಲ್ಲಿ ಮಾರಿಸೆಲ್ ಕುರ್ಚಿ ಹತ್ತಿ ಗೋಡೆಗೆ ಹೊಸ ಕಾಗದ ಅಂಟಿಸುತ್ತಿದ್ದಳು. ದಪ್ಪಕ್ಷರದಲ್ಲಿ ಬರೆದಿತ್ತು: ಇನ್ನು ಮುಂದೆ ಮನೆಯ ಜಾಡಿ ತೆಗೆದುಕೊಳ್ಳುವುದಿಲ್ಲ. ಕ್ಲಿನಿಕ್ಕಿನ ಲೋಟದಲ್ಲಿ, ಇಲ್ಲೇ ಕೊಡತಕ್ಕದ್ದು.

"ನಿಮ್ಮಿಂದ ಒಂದು ಒಳ್ಳೇ ಕೆಲಸ ಆಯ್ತಮ್ಮಾ," ಎಂದು ಮಾರಿಸೆಲ್ ಮೂಗೊರೆಸಿಕೊಂಡು ನಕ್ಕಳು.

ಹೊರಗೆ ವರ್ನಾಳ ಗಾಡಿ ಇಂಜಿನ್ ಓಡಿಸಿಕೊಂಡೇ ನಿಂತಿತ್ತು. ಡೋಕಿಯಾ ಒಂದು ಬದಿಗೆ ವಾಲಿಕೊಂಡು ಒಳಗೆ ಕೂತಳು. ಆ ವಾಲುವಿಕೆ ನೋಡಿಯೇ ವರ್ನಾಳಿಗೆ ಎಲ್ಲ ತಿಳಿಯಿತು. ಸ್ಟೇರಿಂಗಿಗೆ ಹಣೆ ಹಚ್ಚಿ, "ಅಯ್ಯೋ ಪೆದ್ದಿ. ಚುಚ್ಚಿಸ್ಕೊಂಡೇ ಬಂದ್ಯಾ?" ಎಂದಳು.

"ಬೇಕಂತಲೇ ಜಾಡಿ ಬದಲಿಸಿದ್ಯಾ ನೀನು?"

"ಇನ್ನೇನು ಮತ್ತೆ? ನಿನ್ನ ಆ ಬೂಟಿನ ಜಿಪ್ಪು ನೋಡಕ್ಕಾಗ್ಲಿಲ್ಲ ನಂಗೆ. ಮೊದ್ಲೇ ಹೇಳಿದ್ರೆ ನೀನು ಒಪ್ತಿದ್ಯಾ? ಪ್ಲಾಸ್ಟಿಕ್ ಪೆನ್ನು ಅಂತ ಊರೆಲ್ಲ ಸಾರಿದೋಳು." ವರ್ನಾ ಗೇರು ಹಾಕಿದಳು, ತೆಗೆದಳು. "ನಂಗೆ ಹೇಗೆ ಸಿಕ್ತು ಅಂದ್ಕೊಂಡಿದ್ಯಾ? ನನ್ನ ಕಿಡ್ನಿಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದೆ. ಎರಡು ವರ್ಷದ ಹಿಂದೆ ನಿಮ್ಮನೆಯಿಂದ ಒಂದು ಜಾಡಿ ತಿಳಿ ಇಸ್ಕೊಂಡು ಹೋಗಿದ್ದೆ, ನೆನಪಿದ್ಯಾ? ಹಿಟ್ಟಿಗಲ್ಲ ಅದು. ಮೂತ್ರದ ಜಾಡಿಗೆ ಎರಡು ಚಮಚ ಸಾಕಾಯ್ತು."

ಡೋಕಿಯಾ ಸ್ಟೇರಿಂಗಿನ ಮೇಲಿನ ಆ ಕೈಯನ್ನು ನೋಡಿದಳು. ವರ್ನಾಳ ಬೆರಳು ನೆಟ್ಟಗಾದದ್ದು ತನ್ನ ಮನೆಯ ತಿಳಿಯಿಂದ. ಆ ತಿಳಿ ಎರಡು ವರ್ಷದಿಂದ ಪ್ರತಿ ಗುರುವಾರ ತನ್ನ ಅಡುಗೆಮನೆಯಲ್ಲೇ ಇತ್ತು. ಆರನೇ ಸಲ ಹಾಲು ಒಡೆಸಿದಾಗಲೂ ಇತ್ತು, ಅರವತ್ತನೇ ಸಲವೂ ಇತ್ತು.

"ಎರಡು ವರ್ಷ," ಎಂದಳು ಕೊನೆಗೆ. "ಎರಡು ವರ್ಷ ಯಾಕೆ ಹೇಳ್ಲಿಲ್ಲ ನೀನು?"

ವರ್ನಾ ಮುಂದಿನ ಗಾಜಿನಾಚೆ ನೋಡುತ್ತಿದ್ದಳು. "ಹದಿನೇಳು ವರ್ಷ ನೀನು ನನಗಿಂತ ಬೇಗ ಒತ್ತುತ್ತಿದ್ದೆ ಕಣೇ. ಕುರ್ಚಿ ಸಿಕ್ಮೇಲಂತೂ ಪ್ರತಿ ಗುರುವಾರ ತಟ್ಟೆ ಹಿಡ್ಕೊಂಡು, ಇದು ವರ್ನಾದು, ಇದೂ ವರ್ನಾದು ಅಂತ ಎಲ್ಲರ ಮುಂದೆ ಹೇಳ್ತಿದ್ದೆ. ಹೊಟ್ಟೆ ಉರೀತಿತ್ತು ನಂಗೆ. ಒಂದೆರಡು ವರ್ಷ ನಾನೇ ಮುಂದಿರೋಣ, ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ."

ಡೋಕಿಯಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಾನಾಗಿದ್ದರೆ ಮೂರನೇ ವರ್ಷವೂ ಹೇಳುತ್ತಿರಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಡಿ, ಚರ್ಚಿಗೆ ನಡಿ," ಎಂದಳು. "ಇಪ್ಪತ್ತು ಕಿಲೋ ಹಿಟ್ಟು ಮತ್ತೆ ನಾದ್ಬೇಕು."

ಆ ಮಧ್ಯಾಹ್ನ ಅವಳು ಮೇಜಿನ ಕೊನೆಗೆ, ಬಾಗಿಲ ಪಕ್ಕದ ಚಳಿಯ ಕುರ್ಚಿಯಲ್ಲಿ ಒಂದು ಬದಿಗೆ ವಾಲಿ ಕೂತು ಎರಡು ಡಜನ್ ಒತ್ತಿದಳು. ತಲೆ ಕುರ್ಚಿಯಲ್ಲಿ ವರ್ನಾ. ನಾಲ್ಕು ಗಂಟೆಗೆ ಒಲೆಯ ಕಡೆಯಿಂದ ತಟ್ಟೆ ಬಂತು. ತಟ್ಟೆಯಲ್ಲಿ ಬಾಯಿ ಬಿಟ್ಟ ಪಿರೋಹಿ ನಾಲ್ಕು. ವರ್ನಾ ಅಂಚಿನ ಮಡಿಕೆಯನ್ನು ನೋಡಿದಳು, ತಲೆಯೆತ್ತಿ ಮೇಜಿನ ಆ ತುದಿಗೆ ಡೋಕಿಯಾಳನ್ನು ನೋಡಿದಳು.

"ಯಾರದು?" ಎಂದಳು ಅಡೆಲಿನ್.

"ಗೊತ್ತಾಗ್ತಿಲ್ಲ," ಎಂದಳು ವರ್ನಾ. "ಬೆಳಕು ಕಮ್ಮಿ."

ಡೋಕಿಯಾ ತಲೆ ತಗ್ಗಿಸಿ ಮುಂದಿನ ಪಿರೋಹಿ ಎತ್ತಿಕೊಂಡಳು. ವರ್ನಾ ಬೈದಿದ್ದರೂ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.